ಎಮ್ಮೆ ಹೊತ್ತ ಎಡಗೈ

ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅತ್ತೆ ಮಗುವನ್ನು ಯಾವ ಕೈಯಲ್ಲಿ ಎತ್ತಿಕೊಂಡಿದ್ದಾರೆ ಎಂದು ನೋಡುವುದು ನನಗೊಂದು ಚಟವಾಗಿಬಿಟ್ಟಿದೆ. ಬಲಗೈಯಾದರೆ ಮೆಟ್ಟಿಲಿಳಿಯುತ್ತೇನೆ. ಎಡಗೈಯಾದರೆ ಕೊಡೆ ಮರೆತೆ, ಬೀಗದ ಕೈ ಮರೆತೆ ಎಂದು ಏನಾದರೊಂದು ನೆಪ ತೆಗೆದು ಮತ್ತೆ ಒಳಗೆ ಬರುತ್ತೇನೆ. ನಾನಿರುವುದು ಕನ್ನಡಕದ ಅಂಗಡಿಯಲ್ಲಿ. ಯಾರದೋ ಗಲ್ಲವನ್ನು ಯಂತ್ರದ ಮೇಲಿರಿಸಿ ಕಣ್ಣಿನ ಅಳತೆ ತೆಗೆಯುತ್ತಿರುವಾಗಲೂ ನನಗೆ ಕಾಣುವುದು ಅದೊಂದೇ: ಎಡಗೈಯ ಬೆರಳು ಸಡಿಲವಾಗುವುದು, ಮಗಳು ಹಿಂದಕ್ಕೆ ವಾಲುವುದು. ಮುಂದಿನದನ್ನು ನೋಡಲಾರದೆ, "ಈ ಸಾಲು ಕಾಣುತ್ತಾ? ಇದು?" ಎಂದು ಜೋರಾಗಿ ಕೇಳುತ್ತೇನೆ. ಎದುರಿಗೆ ಕೂತವರು ಬೆಚ್ಚುತ್ತಾರೆ.

ಆ ಎಡಗೈಯ ವಿಷಯ ಹೇಳಬೇಕಾದರೆ ಅತ್ತೆಯ ಕೆಲಸದ ವಿಷಯ ಹೇಳಬೇಕು. ಮದುವೆಗೆ ಮೊದಲು ನನ್ನವರನ್ನು "ನಿಮ್ಮಮ್ಮ ಏನು ಮಾಡ್ತಾರೆ?" ಎಂದು ಕೇಳಿದ್ದೆ. "ಗಾಳಿ ಊದ್ತಾಳೆ" ಎಂದಿದ್ದರು. ಸೈಕಲ್ ಅಂಗಡಿ ಇರಬೇಕೆಂದು ಸುಮ್ಮನಾಗಿದ್ದೆ. ಅತ್ತೆ ನಗರದ ಆರ್ಕೆಸ್ಟ್ರಾದಲ್ಲಿ ಟ್ರೊಂಬೋನ್ ನುಡಿಸುವವರು. ಒಂದರೊಳಗೊಂದು ಜಾರುವ ಹಿತ್ತಾಳೆಯ ಉದ್ದ ಕೊಳವೆಗಳು, ಕಿವಿಯ ಪಕ್ಕ ಒಂದು ಅಗಲ ಬಾಯಿ. ಬಲಗೈ ಕೊಳವೆಯನ್ನು ಹಿಂದಕ್ಕೆ ಮುಂದಕ್ಕೆ ಜಾರಿಸಿದ ಹಾಗೆ ಸ್ವರ ಏರುತ್ತದೆ, ಇಳಿಯುತ್ತದೆ. ನೋಡುವವರ ಕಣ್ಣೆಲ್ಲ ಆ ಬಲಗೈಯ ಮೇಲೆ. ಎಡಗೈ ಏನೂ ಮಾಡಿದಂತೆ ಕಾಣುವುದಿಲ್ಲ. ಪೂರ್ತಿ ಭಾರ ಹೊತ್ತು ಸುಮ್ಮನೆ ಇರುತ್ತದೆ ಅಷ್ಟೆ.

"ಬಲಗೈ ಮನೆ ಅಳಿಯ ಇದ್ದ ಹಾಗೆ, ಓಡಾಡಿಕೊಂಡು ಹೆಸರು ತಗೊಳ್ಳುತ್ತೆ. ಎಡಗೈ ಸೊಸೆ" ಎಂದು ಅತ್ತೆಯೇ ಒಮ್ಮೆ ಹೇಳಿದ್ದರು. ಹೇಳಿ, ನನ್ನ ಮುಖ ನೋಡಿ, "ನಿನಗಲ್ಲ ಕಣೇ ಹೇಳಿದ್ದು" ಎಂದಿದ್ದರು.

ಅವರ ಅಪ್ಪ ಗಾಜಿನ ಬಾಟಲಿ ಮಾಡುವ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಲ್ಲುತ್ತಿದ್ದವರು. ಕಾರ್ಖಾನೆಗೆ ಅದರದೇ ಒಂದು ವಾದ್ಯದ ತಂಡವಿತ್ತು. ನೌಕರರ ಮಕ್ಕಳು ಬಂದರೆ ಕಲಿಸುವ ಮೇಷ್ಟ್ರು ಕಿವಿ ಪರೀಕ್ಷೆ ಮಾಡುತ್ತಿರಲಿಲ್ಲ, ಮೈ ನೋಡುತ್ತಿದ್ದರು. ತೆಳು ತುಟಿಯವರಿಗೆ ಒಂದು ವಾದ್ಯ, ದಪ್ಪ ತುಟಿಯವರಿಗೆ ಇನ್ನೊಂದು. ಅತ್ತೆಯ ತೋಳು ಹಿಡಿದೆಳೆದು ನೋಡಿ, "ಮೊಣಕಾಲು ಮುಟ್ಟೋ ಕೈ ಇದು, ಕೊಡಿ ಇವಳಿಗೆ ಟ್ರೊಂಬೋನು" ಎಂದರಂತೆ. ಮನೆಯಲ್ಲಿ ಅವರಜ್ಜಿ, "ಹೆಣ್ಣು ಮಗು ಕೆನ್ನೆ ಉಬ್ಬಿಸಿಕೊಂಡು ಕೂತ್ರೆ ಯಾರು ಮಾಡ್ಕೋತಾರೆ?" ಎಂದು ತಲೆ ಚಚ್ಚಿಕೊಂಡರು. ಮಾಡಿಕೊಂಡವರು ನನ್ನ ಮಾವ. ಟ್ರಾಮ್ ಓಡಿಸುತ್ತಿದ್ದರಂತೆ, ಊದುವವಳ ಜೊತೆ ಜಗಳವಾಡಲು ಉಸಿರು ಸಾಲದು ಎಂದು ಎಲ್ಲರೆದುರು ನಗುತ್ತಿದ್ದರಂತೆ. ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡರು.

ಆರ್ಕೆಸ್ಟ್ರಾದಲ್ಲಿ ಟ್ರೊಂಬೋನಿನವರು ಮೂರು ಜನ. ಮೊದಲನೆಯವನು ಮೇಲಿನ ಸ್ವರ, ಮೂರನೆಯವನು ತಳದ ಸ್ವರ, ಅತ್ತೆ ಮಧ್ಯದಲ್ಲಿ. ಮೂರು ಬಾಯಿಗೆ ಒಂದೇ ಗಂಟಲು ಇರಬೇಕು ಎನ್ನುವುದು ಅವರ ಧರ್ಮ. ಹೀಗಾಗಿ ಯಾರು ಯಾವ ವಾದ್ಯ ಹಿಡಿಯುತ್ತಾರೆ ಎನ್ನುವುದು ಅವರವರ ಇಷ್ಟವಲ್ಲ. ಒಬ್ಬರದು ಅಗಲ ಕೊಳವೆಯಾಗಿ ಪಕ್ಕದವರದು ಸಣ್ಣದಾದರೆ ಧ್ವನಿ ಬೆರೆಯುವುದಿಲ್ಲ, ಎಣ್ಣೆ ನೀರಿನ ಹಾಗೆ ಬೇರೆಬೇರೆ ನಿಲ್ಲುತ್ತದೆ. ಮೊದಲನೆಯವನನ್ನು ನೋಡಿ ಮಧ್ಯದವರು ಆರಿಸಿಕೊಳ್ಳುತ್ತಾರೆ.

ಅತ್ತೆಯ ಬಳಿ ಮೊದಲಿನಿಂದ ಇದ್ದದ್ದು ಸಣ್ಣ ಕೊಳವೆಯ ಹಗುರ ವಾದ್ಯ. ಅದಕ್ಕೆ ಅವರಿಟ್ಟ ಹೆಸರು ಕಡ್ಡಿ. ಹಳೆಯ ಮೊದಲನೆಯವರು ನಿವೃತ್ತರಾಗಿ, ಅವರ ಜಾಗಕ್ಕೆ ದೊಡ್ಡ ಆರ್ಕೆಸ್ಟ್ರಾದಿಂದ ಒಬ್ಬ ಹುಡುಗು ಮುಖದವನು ಬಂದ. ಅವನದು ಅಗಲ ಕೊಳವೆಯದು, ಕತ್ತಿನ ಹಿಂದೆ ಇನ್ನೊಂದು ಸುತ್ತು ಹಿತ್ತಾಳೆ, ಅದನ್ನು ತೆರೆದು ಮುಚ್ಚಲು ಎಡಗೈ ಹೆಬ್ಬೆರಳಲ್ಲಿ ಒತ್ತುವ ಒಂದು ಸಣ್ಣ ಸನ್ನೆಕೋಲು. ಅಂಥದ್ದೇ ಒಂದನ್ನು ಅತ್ತೆಗೂ ಆರ್ಕೆಸ್ಟ್ರಾದವರು ತರಿಸಿಟ್ಟರು. ಅದನ್ನು ಮೊದಲ ಸಲ ಎತ್ತಿದಾಗಲೇ ಅತ್ತೆ, "ಇದು ಎಮ್ಮೆ" ಎಂದರು. ಹೆಸರು ನಿಂತಿತು.

ಎಮ್ಮೆಯೋ ಕಡ್ಡಿಯೋ ಎಂದು ತೀರ್ಮಾನವಾದ ದಿನ ನಾನೂ ಮಗುವಿನೊಂದಿಗೆ ಆ ಸಭಾಂಗಣದಲ್ಲಿದ್ದೆ. ಖಾಲಿ ಕುರ್ಚಿಗಳು, ವೇದಿಕೆಯ ಮೇಲೆ ಒಂದೇ ಒಂದು ದೀಪ. ಹೊಸ ಮೊದಲನೆಯವನು ಒಳ್ಳೆಯವನು. ಅದೇ ತೊಂದರೆ.

"ಅಕ್ಕ, ನೀವು ನಿಮ್ಮದನ್ನೇ ನುಡಿಸಿ. ನಾನು ಹೊಂದಿಕೊಳ್ತೀನಿ" ಎಂದ.

ಮೂರನೆಯವರನ್ನು ಎಲ್ಲರೂ ದಪ್ಪಣ್ಣ ಎನ್ನುತ್ತಾರೆ. "ನೀನು ಹೊಂದಿಕೊಂಡ್ರೆ ನಾನೂ ಹೊಂದಿಕೊಳ್ಬೇಕಲ್ಲಪ್ಪ. ನನಗೆ ಈ ಹೊಟ್ಟೆ ಜೊತೇನೇ ಇನ್ನೂ ಹೊಂದಾಣಿಕೆ ಆಗಿಲ್ಲ" ಎಂದರು ಅವರು.

ಅತ್ತೆ ನಗಲಿಲ್ಲ. ವಾದ್ಯದ ಹಿಂದೆ ಕೂತವರಿಗೆ ಮುಂದೆ ಕೂತವರ ಕಿವಿಗೆ ಏನು ಬೀಳುತ್ತದೆ ಎಂದು ಗೊತ್ತೇ ಆಗುವುದಿಲ್ಲವಂತೆ, ತನ್ನ ಬೆನ್ನು ತನಗೆ ಕಾಣದ ಹಾಗೆ. ಅದಕ್ಕೇ ನಿವೃತ್ತರಾದ ಹಳಬರನ್ನು ಕರೆಸಿ ತಮ್ಮ ಕುರ್ಚಿಯಲ್ಲಿ ಕೂರಿಸಿದರು. ತಾವು ಹೋಗಿ ಕೊನೆಯ ಸಾಲಿನಲ್ಲಿ, ವೇದಿಕೆಗೆ ಬೆನ್ನು ಹಾಕಿ ಕೂತರು. ಮೂವರೂ ಒಂದೇ ಸಾಲನ್ನು ಎರಡು ಸಲ ನುಡಿಸಿದರು. ಒಂದು ಸಲ ಮಧ್ಯದಲ್ಲಿ ಕಡ್ಡಿ, ಇನ್ನೊಂದು ಸಲ ಎಮ್ಮೆ. ಯಾವುದು ಮೊದಲು ಎಂದು ಅತ್ತೆಗೆ ಹೇಳಲಿಲ್ಲ. ಸಂಗೀತದ ಗಂಧ ಗಾಳಿಯಿಲ್ಲದ ನನಗೂ ಎರಡನೆಯ ಸಲ ನೆಲದಿಂದಲೇ ಏನೋ ಎದ್ದು ಬಂದ ಹಾಗಾಯಿತು. ಮಗು ಬಾಯಲ್ಲಿದ್ದ ಬೆರಳು ತೆಗೆದು ನೋಡಿತು.

ಅತ್ತೆ ತಿರುಗದೆಯೇ, "ಎರಡನೇದು" ಎಂದರು. "ಮೊದಲನೇದು ಮಧ್ಯದಲ್ಲಿ ತೂತು ಮಾಡ್ತಿದೆ. ಯಾರೂ ಹೇಳಲೇ ಇಲ್ವಲ್ಲ ನನಗೆ."

ಯಾರೂ ಬಲವಂತ ಮಾಡಲಿಲ್ಲ. ಅವರ ಕಿವಿಯೇ ಅವರ ಕೈಗೆ ಎಮ್ಮೆ ಕಟ್ಟಿತು. ಯಾರನ್ನಾದರೂ ಬೈದು ಹಗುರಾಗೋಣವೆಂದರೆ ಬೈಯಲು ಒಬ್ಬರೂ ಸಿಗುವುದಿಲ್ಲ.

ಆಮೇಲಾಮೇಲೆ ಮನೆಯಲ್ಲಿ ಒಂದೊಂದೇ ಸಾಮಾನು ಬೀಳತೊಡಗಿತು. ಲೋಟ ಬಿತ್ತು, ಹಾಲಿನ ಬಾಟಲಿ ಬಿತ್ತು. ಅಂಗಿಯ ಗುಂಡಿ ಹಾಕಲು ಅತ್ತೆ ಕನ್ನಡಿಯ ಮುಂದೆ ಹೋಗಿ ನಿಲ್ಲತೊಡಗಿದರು. ಹೆಬ್ಬೆರಳು ಎಲ್ಲಿದೆ ಎಂದು ಕಣ್ಣಿನಲ್ಲಿ ನೋಡಿದರೇ ಗೊತ್ತಾಗುತ್ತಿದ್ದುದು. ನಾನು ಕಂಡೂ ಕಾಣದ ಹಾಗಿದ್ದೆ. ಒಂದು ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಮಗಳು ಅಜ್ಜಿಯ ಎಡತೋಳಿನ ಮೇಲಿಂದ ಫ್ಯಾನ್ ನೋಡಲು ಹಿಂದಕ್ಕೆ ಬಾಗಿದಳು. ತೋಳು ತಡೆಯಲಿಲ್ಲ. ಅತ್ತೆ ಮೊಣಕಾಲು ಕೊಟ್ಟು ಹೇಗೋ ಸೋಫಾದ ಮೇಲಕ್ಕೆ ಜಾರಿಸಿಕೊಂಡರು. ಮಗು ಅದನ್ನು ಆಟವೆಂದುಕೊಂಡು ಕೇಕೆ ಹಾಕಿತು. ನನ್ನ ಕೈಯ ಬಾಚಣಿಗೆ ಕೂದಲಲ್ಲೇ ನಿಂತಿತ್ತು.

"ಕೈಗೆ ಏನಾಗಿದೆ ಅತ್ತೆ?"

"ಏನಿಲ್ಲ, ಜೋಮು."

"ದಿನಾ ಬರುತ್ತಾ ಜೋಮು?"

"ನೀನು ಕಣ್ಣು ನೋಡೋಳು, ನರದ ಡಾಕ್ಟ್ರಲ್ಲ."

"ನರ ಅಂತ ನಾನು ಅನ್ನಲೇ ಇಲ್ಲವಲ್ಲ."

ಅತ್ತೆ ಮಗುವನ್ನು ನನ್ನ ಮಡಿಲಿಗೆ ಹಾಕಿ ಎದುರಿಗೆ ಕೂತರು. ಡಾಕ್ಟರ ಹತ್ತಿರ ಹೋಗಿ ಬಂದಾಗಿತ್ತು. ಹೆಬ್ಬೆರಳಿನ ನರ ಭಾರಕ್ಕೆ ನಜ್ಜಾಗುತ್ತಿದೆಯಂತೆ. ಈಗಲೇ ಭಾರ ಇಳಿಸಿದರೆ ಸರಿಹೋದೀತು, ಹೀಗೇ ಮುಂದುವರಿದರೆ ಆ ಬೆರಳು ಇದ್ದೂ ಇಲ್ಲದ ಹಾಗೆ.

"ವಾದ್ಯಕ್ಕೆ ಕೆಳಗಿನಿಂದ ಒತ್ತು ಕೊಡೋ ಕೋಲೇನೋ ಇರುತ್ತಂತಲ್ಲ?"

"ಹಾಕಿ ನೋಡ್ದೆ. ಎಮ್ಮೆನ ಗೂಟಕ್ಕೆ ಕಟ್ಟಿದ ಹಾಗಾಯ್ತು. ನಾನು ಉಸಿರೆಳೆದ್ರೆ ಅದು ನನ್ನ ಜೊತೆ ಏಳಲ್ಲ."

"ಹಾಗಾದ್ರೆ ಕಡ್ಡಿ ತಗೊಳ್ಳಿ."

"ಆ ತೂತು ಕಿವಿಗೆ ಬಿದ್ದಾಗಿದೆ. ಬಿದ್ದಿಲ್ಲ ಅಂತ ಹೇಗಂದ್ಕೊಳ್ಳಲಿ? ಆ ಇಬ್ಬರಿಗೂ ಹೇಳ್ಬೇಡ ಮತ್ತೆ. ಹೇಳಿದ್ರೆ ಪಾಪ ಅಂತ ತಾವೂ ಸಣ್ಣದಕ್ಕೆ ಇಳೀತಾರೆ. ನನ್ನೊಬ್ಬಳ ಹೆಬ್ಬೆರಳಿಗೋಸ್ಕರ ಮೂರು ಜನದ ಧ್ವನಿ ಯಾಕೆ ಕುಂದಬೇಕು?" ನಾನು ಕೇಳದೆ ನುಂಗಿಕೊಂಡದ್ದಕ್ಕೂ ಉತ್ತರ ಹೇಳಿದರು. "ಇವಳನ್ನ ಇನ್ಮೇಲೆ ಬಲಗೈಯಲ್ಲೇ ಎತ್ಕೋತೀನಿ. ಹೆದರ್ಬೇಡ."

ಆದರೆ ಜೀವಮಾನವೆಲ್ಲ ಎಡಗೈಯಲ್ಲಿ ಹೊತ್ತವರು ಅವರು. ಮಾತು ಕೊಟ್ಟದ್ದು ಬಾಯಿ, ಎತ್ತುವುದು ಅಭ್ಯಾಸ.

ನನ್ನವರಿಗೆ ಹೇಳಿದೆ. ಅವರು ತಟ್ಟೆಯಿಂದ ತಲೆಯೆತ್ತದೆ, "ಅಮ್ಮನಿಗೆ ನಾನು ಹೇಳೋದಾ? ನನ್ನ ಮದುವೆಗೇ ಅವಳು ರಿಹರ್ಸಲ್ ಮುಗಿಸ್ಕೊಂಡು ಬಂದ್ಲು" ಎಂದರು. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಜೋಳಿಗೆ ತಂದೆ. ಅತ್ತೆ ತಿರುಗಿಸಿ ಮುರುಗಿಸಿ ನೋಡಿ, "ಎಮ್ಮೆ ಅಳತೆಗೂ ಒಂದು ಸಿಗುತ್ತಾ ಕೇಳು" ಎಂದು ಮಡಿಸಿಟ್ಟರು. ಕಡ್ಡಿಯನ್ನು ಪೆಟ್ಟಿಗೆಯಿಂದ ತೆಗೆದು ಒರೆಸಿ ಅವರ ಕುರ್ಚಿಯ ಮೇಲಿಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದರೆ ಅದು ಪೆಟ್ಟಿಗೆಯೊಳಗಿತ್ತು. ಮಗುವನ್ನು ಶಿಶುವಿಹಾರಕ್ಕೆ ಸೇರಿಸುವ ಮಾತೆತ್ತಿದೆ. ಅತ್ತೆ ಬೇಡವೆನ್ನಲಿಲ್ಲ. ಮಗಳ ಕಾಲುಚೀಲವನ್ನು ಒಂದೇ ಕೈಯಲ್ಲಿ ತೊಡಿಸಲು ಹೆಣಗುತ್ತಿದ್ದವರು, "ಹೂಂ, ಅದೇ ಸರಿ" ಎಂದರು. ಆ ಮಾತು ಕೇಳಿದ ಮೇಲೆ ನನಗೆ ಸೇರಿಸುವುದಕ್ಕೂ ಮನಸ್ಸು ಬರಲಿಲ್ಲ. ಬಿಸಿ ತುಪ್ಪ ಎನ್ನುತ್ತಾರಲ್ಲ, ಉಗುಳುವುದಕ್ಕೂ ಇಲ್ಲ, ನುಂಗುವುದಕ್ಕೂ ಇಲ್ಲ. ಮಗುವನ್ನು ಉಳಿಸಿಕೊಳ್ಳಲು ಹೋದರೆ ಅತ್ತೆಗೆ ನೋವು. ಅತ್ತೆಯ ಕೈ ಉಳಿಸಲು ಹೋದರೆ ಆ ಇಬ್ಬರಿಗೂ ಹೇಳಬೇಡವೆಂದ ಅವರ ಮಾತು ಮೀರಬೇಕು. ಅತ್ತೆಗೆ ವಾದ್ಯ ಬದಲಿಸುವುದಕ್ಕೆ ಇರುವ ದಾರಿ ಒಂದೇ, ಮೂವರೂ ಒಟ್ಟಿಗೆ ಸಣ್ಣದಕ್ಕೆ ಬರುವುದು. ಅದನ್ನು ಕೇಳಲು ನಾನು ಯಾರು? ಅವರು ಜೀವನವಿಡೀ ಹುಡುಕಿ ಆರಿಸಿಕೊಂಡ ಧ್ವನಿಯನ್ನು, ನನ್ನ ಅತ್ತೆಯ ಹೆಬ್ಬೆರಳಿಗಾಗಿ ಬಿಡಿ ಎಂದು ಯಾವ ಬಾಯಲ್ಲಿ ಕೇಳಲಿ?

ಮೊದಲನೆಯವನ ನಂಬರನ್ನು ಎಂದೋ ನನ್ನ ಫೋನಿಗೆ ಹಾಕಿಕೊಂಡಿದ್ದೆ. ಒತ್ತುವುದು, ರಿಂಗ್ ಆಗುವ ಮೊದಲೇ ಕಡಿಯುವುದು, ಹೀಗೆ ಎಷ್ಟೋ ಸಲ.

ಮೊನ್ನೆ ರಜೆಯ ಮಧ್ಯಾಹ್ನ ಮಗು ಮಲಗಿತ್ತು. ಹಿಂದಿನ ಕೋಣೆಯಲ್ಲಿ ಅತ್ತೆ ಅಭ್ಯಾಸಕ್ಕೆ ಕೂತಿದ್ದರು. ಮುಂದಿನ ಕಾರ್ಯಕ್ರಮದಲ್ಲಿ ಟ್ರೊಂಬೋನಿನವರಿಗೆ ಬಹಳ ಕೆಲಸವಿದೆಯಂತೆ. ನಾನು ಒಗೆದ ಬಟ್ಟೆ ಕೊಡುವುದಕ್ಕೆಂದು ಬಾಗಿಲು ಸರಿಸಿದೆ. ಅತ್ತೆ ನನ್ನನ್ನು ನೋಡಲಿಲ್ಲ. ಎಡಗೈ ಹೆಬ್ಬೆರಳನ್ನು ಬಲಗೈಯಿಂದ ಎತ್ತಿ ಸನ್ನೆಕೋಲಿನ ಮೇಲಿಟ್ಟು, ಅದರ ಮೇಲೆ ಅಂಟುಪಟ್ಟಿ ಸುತ್ತುತ್ತಿದ್ದರು. ಬೆರಳನ್ನು ಹಿತ್ತಾಳೆಗೆ ಕಟ್ಟುತ್ತಿದ್ದರು.

ಬಟ್ಟೆಯನ್ನು ಅಲ್ಲೇ ಇಳಿಸಿ ಅಡುಗೆಮನೆಗೆ ಬಂದು ನಂಬರ್ ಒತ್ತಿದೆ. ಈ ಸಲ ಕಡಿಯಲಿಲ್ಲ.

"ನಾನು ಎರಡನೇ ಕುರ್ಚಿಯವರ ಸೊಸೆ" ಎಂದೆ.

"ಅಕ್ಕನಿಗೆ ಏನಾಯ್ತು?"

"ಏನೂ ಆಗಿಲ್ಲ. ನುಡಿಸ್ತಿದ್ದಾರೆ." ಆಮೇಲೆ ಲೋಟದಿಂದ ಅಂಟುಪಟ್ಟಿಯವರೆಗೆ ಎಲ್ಲ ಹೇಳಿದೆ. ಕೇಳಬಾರದ್ದನ್ನೂ ಕೇಳಿದೆ. "ನೀವು ಮೂರೂ ಜನ ಸಣ್ಣದಕ್ಕೆ ಬರೋಕಾಗುತ್ತಾ?"

ಅವನು ಉತ್ತರಿಸುವ ಮೊದಲೇ ಇನ್ನೊಂದನ್ನೂ ಕೇಳಿದೆ.

"ಪಕ್ಕದಲ್ಲೇ ಕೂರ್ತೀರಲ್ಲ, ನಿಮಗೆ ಕಾಣ್ಲಿಲ್ವಾ?" ನನ್ನ ಧ್ವನಿ ಜಗಳಕ್ಕೆ ನಿಂತ ಹಾಗಿತ್ತು.

"ನಾವು ನುಡಿಸೋದಕ್ಕಿಂತ ಸುಮ್ಮನೆ ಕೂರೋದು ಜಾಸ್ತಿ" ಎಂದ ಅವನು ನಿಧಾನವಾಗಿ. "ನಮ್ಮ ಸರದಿ ಬರೋವರೆಗೂ ವಾದ್ಯ ತೊಡೆ ಮೇಲಿರುತ್ತೆ. ಅಷ್ಟರಲ್ಲಿ ಕೈ ಸುಧಾರಿಸ್ಕೊಂಡಿರುತ್ತೆ. ಅವರ ಬಾಗಿಲ ಹತ್ರ ಹೋಗ್ತೀರಾ?"

ನಡುಮನೆ ದಾಟಿ ಹೋಗಿ ಫೋನನ್ನು ಬಾಗಿಲ ಸಂದಿಗೆ ಹಿಡಿದೆ. ಎಮ್ಮೆಯ ಧ್ವನಿ ನಡುಮನೆಯನ್ನೆಲ್ಲ ತುಂಬಿಕೊಂಡಿತ್ತು. ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು.

ಫೋನ್ ಕಿವಿಗಿಟ್ಟುಕೊಂಡೆ. "ಎಷ್ಟು ಚೆನ್ನಾಗಿದೆ" ಎನ್ನುತ್ತಿದ್ದ ಅವನು, ಯಾರೋ ತನಗೆ ಹೊಡೆದ ಹಾಗೆ. "ಈಗ ನಿಲ್ಲಿಸಿದ್ರಲ್ಲ, ಅಲ್ಲಿ ನಿಲ್ಲಿಸೋ ಜಾಗವೇ ಇಲ್ಲ."

"ಹಾಳೆ ತಿರುವ್ತಿರಬಹುದು."

"ಆ ಪುಟ ನನಗೆ ಗೊತ್ತು."

"ಹಾಗಾದ್ರೆ ಸಣ್ಣದಕ್ಕೆ ಬರ್ತೀರಾ?"

"ಬರೋದೇನು ದೊಡ್ಡದಲ್ಲ. ದಪ್ಪಣ್ಣನೂ ಬರ್ತಾರೆ. ಆದ್ರೆ ನಾಳೆ ನಾನು ಸಣ್ಣದು ತಂದು ಒಂದೇ ಒಂದು ಸ್ವರ ಊದಿದ್ರೆ ಸಾಕು, ಯಾಕೆ ತಂದೆ ಅಂತ ಅವರಿಗೆ ತಿಳಿದುಹೋಗುತ್ತೆ. ಆಮೇಲೆ ಅವರು ಬರೋದನ್ನೇ ನಿಲ್ಲಿಸ್ತಾರೆ. ತರದೇ ಇದ್ರೆ ಆ ಕೈ ಹೋಗುತ್ತೆ. ನೀವೇ ಹೇಳಿ, ನಾನೇನು ಮಾಡ್ಲಿ?"

ನಾನು ಅವನಿಗೆ ಫೋನ್ ಮಾಡಿದ್ದೇ ಆ ಪ್ರಶ್ನೆ ಕೇಳುವುದಕ್ಕೆ. ಬಾಗಿಲಿನ ಆಚೆ ಅದೇ ಸಾಲು ಮತ್ತೆ ಮೊದಲಿನಿಂದ ಶುರುವಾಯಿತು. ಅವನೂ ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.