ಖಾಲಿ ಬಿದ್ದ ಪಕ್ಕದ ಜಾಗ

ಆಸ್ಟಿನ್‌ನಲ್ಲಿ ನಮ್ಮ ವ್ಯಾನಿನ ಗೇರ್‌ಬಾಕ್ಸ್ ರಿಪೇರಿ ಮುಗಿಯುವಷ್ಟರಲ್ಲಿ ಚಳಿಗಾಲ ಕೊನೆಗೆ ಬಂದಿತ್ತು. ಪಶ್ಚಿಮ ಟೆಕ್ಸಸ್‌ನ ಮರುಭೂಮಿಯಲ್ಲಿ ನಾನೂ ನನ್ನ ಹೆಂಡತಿಯೂ ಪ್ರತಿ ಚಳಿಗಾಲ ಬಿಡಾರ ಹೂಡುವ ಜಾಗವೊಂದಿದೆ. ಅದರ ಪಕ್ಕದಲ್ಲೇ ಹ್ಯೂಸ್ಟನ್‌ನ ಡಾಕ್ಟರ್ ಅಂಕಲ್ ಒಬ್ಬರೇ ಬಂದು ಟೆಂಟ್ ಹಾಕುತ್ತಿದ್ದರು. ಮೂಲ ಧಾರವಾಡದವರು, ನಿವೃತ್ತರು. ಗಾಡಿ ಕೆಟ್ಟಿದೆ ಎಂದು ಫೋನ್ ಮಾಡಿದಾಗ, "ಸಾವಕಾಶ ಬರ್ರಿ, ನೀವು ಬರೂತನಕ ನಾ ಇಲ್ಲೇ ಇರ್ತೀನಿ" ಅಂದಿದ್ದರು.

ನಾವು ತಲುಪಿದಾಗ ಅವರ ಜಾಗ ಖಾಲಿಯಿತ್ತು. ಗೂಟ ಕಿತ್ತ ಗುರುತುಗಳು ಮಣ್ಣಿನಲ್ಲಿ ಇನ್ನೂ ಅಳಿಸಿರಲಿಲ್ಲ. ಕ್ಯಾಂಪು ನೋಡಿಕೊಳ್ಳುವವಳನ್ನು ವಿಚಾರಿಸಿದೆವು. ಹಿಂದಿನ ವಾರ ಅವರಿಗೆ ಎದೆನೋವು ಬಂದು, ಮಗಳು ಬಂದು ಕರೆದುಕೊಂಡು ಹೋದಳಂತೆ. ಅಂದು ಹೆಂಡತಿ ಮಾಡಿದ ಬಿಸಿಬೇಳೆಬಾತ್ ಅರ್ಧಕ್ಕರ್ಧ ಹಾಗೇ ಉಳಿಯಿತು.

ಮಾರನೆಯ ಬೆಳಿಗ್ಗೆ ಫೋನ್ ಮಾಡಿದೆ. ಅಂಕಲ್ ದನಿ ತೀರಾ ಸೋತಿತ್ತು.

"ಭಾಳ ದಿನ ಕಾದ್ನಿ. ಇನ್ನ ನನ್ನ ದಾರಿ ನೋಡಬ್ಯಾಡ್ರಿ. ಮಗಳು ಗಾಡಿ ಕೀಲಿ ಇಸಕೊಂಡಾಳ."

"ಹಾಗನ್ಬೇಡಿ ಅಂಕಲ್. ಮುಂದಿನ ಸಲ ನಾವೇ ಹ್ಯೂಸ್ಟನ್‌ಗೆ ಬಂದು ಕರ್ಕೊಂಡ್ ಬರ್ತೀವಿ."

ಅವರು, "ಥಂಡಿ ಭಾಳ ಅದ ಏನ್ರಿ ಅಲ್ಲೆ?" ಎಂದು ಕೇಳಿದರು.

"ಇದೆ ಅಂಕಲ್" ಅಂದೆ.

ಆ ಮಧ್ಯಾಹ್ನವೇ ನಾವು ಬಿಡಾರ ಎತ್ತಿದೆವು.