ಎರಡನೇ ಹೆಜ್ಜೆ

ನೆಬ್ರಾಸ್ಕಾದ ನಮ್ಮ ಕಾಲೇಜಿನ, ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ, ಚೆಂಡು ಎಸೆಯುವವನನ್ನು ಮುಂದೆ ನಿಂತು ಕಾಯುವ ಐವರಿಗೆ ವೆಂಡೆಲ್ ಹ್ರುಸ್ಕಾ ಕೋಚು. ಚೆಂಡು ಎತ್ತ ಹೋಯಿತೆಂದು ಅವನು ನೋಡಿದ್ದನ್ನು ನಾನು ಕಂಡಿಲ್ಲ. ಅವನ ಕಣ್ಣೆಲ್ಲ ಪಾದಗಳ ಮೇಲೆ. ಭಾನುವಾರ ಕೂತಲ್ಲಿ ಕೂರಲಾರದೆ ಆಟದ ವಿಡಿಯೊ ಹಿಂದೆಮುಂದೆ ಓಡಿಸುತ್ತ, ಗೆದ್ದು ಬಂದ ಹುಡುಗರಿಗೂ "ಎರಡನೇ ಹೆಜ್ಜೆ ತಡ ಆಯ್ತಲ್ಲೋ, ನಿದ್ದೆ ಮಾಡ್ತಿದ್ಯಾ?" ಎಂದು ಅವರವರ ಹೆಸರಿನ ಮುಂದೆ ಮೈನಸ್ ಗೀಚುತ್ತಾನೆ. ಚರ್ಚಿನಲ್ಲಿ ಪಾದ್ರಿ ನಿಲ್ಲುವಾಗ ಆಟಗಾರರಂತೆ ಮಂಡಿ ಬಗ್ಗಿಸುವುದಿಲ್ಲವೆಂದು ಗೊಣಗುತ್ತಾನೆ. ಮಗಳ ಮದುವೆಯಲ್ಲಿ ಅಳಿಯನ ಕುಣಿತಕ್ಕೂ ಮೈನಸ್ ಹಾಕಿದ. ಹುಡುಗರು ಹೋದ ಮೇಲೆ ಮೂವತ್ತು ವರ್ಷ ಹಳೆಯ ಆಟವೊಂದನ್ನು ಹಾಕುತ್ತಾನೆ. ಅದರಲ್ಲಿ ಮುಂದೆ ನಿಂತು ಕಾಯುತ್ತಿರುವವನು ಅವನೇ. ಎದುರಾಳಿಯೊಬ್ಬ ಅವನ ಪಕ್ಕದಿಂದ ನುಸುಳಿ, ಚೆಂಡು ಹಿಡಿದಿದ್ದ ಗೆಳೆಯ ಟಲ್ಲಿಯನ್ನು ಕೆಡವುತ್ತಾನೆ. ಟಲ್ಲಿ ಮತ್ತೆ ನಡೆಯಲಿಲ್ಲ. ಈಗ ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿರುವ ಟಲ್ಲಿ, "ಹೆಜ್ಜೆ ಸರಿಯಾಗೇ ಇತ್ತು ಕಣೋ, ಪ್ಲಸ್ ಹಾಕು" ಎನ್ನುತ್ತಾನೆ. ವೆಂಡೆಲ್ ಅದನ್ನು ಮತ್ತೆ ಮೊದಲಿಂದ ಓಡಿಸುತ್ತಾನೆ.