ಮೊದಲ ಟ್ರಿಪ್ಪಿನ ಮುಖ

ಹೊಸಂಗಡಿಯಿಂದ ಮೀಂಜದ ಒಳಗೆ ಹೋಗುವ ಮೊದಲ ಬಸ್ಸಿನ ಡ್ರೈವರ್ ಲೋಕಯ್ಯನವರ ಗಡ್ಡ ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ. ಬೆಳಗ್ಗೆ ಮನೆ ಬಿಟ್ಟ ಜನ ಮೊದಲು ನೋಡುವುದು ಡ್ರೈವರನ ಮುಖ. ಅದೇ ಕಳೆ ಬೆಳೆದ ಗದ್ದೆಯ ಹಾಗಿದ್ದರೆ ಅವರ ದಿನ ಏನಾಗಬೇಕು ಎಂಬುದು ಲೋಕಯ್ಯನವರ ಮಾತು. ಕೆಲಸ ಬಿಟ್ಟ ಮೇಲೂ ನಸುಕಿಗೆ ಎದ್ದು ಬಾವಿಕಟ್ಟೆಯ ಬಳಿಯ ಕನ್ನಡಿಯೆದುರು ನೊರೆ ಹಚ್ಚಿಕೊಂಡು ನಿಲ್ಲುತ್ತಿದ್ದರು.

ಈ ಮಳೆಗಾಲದಲ್ಲಿ ಬಲಗೈ ನಡುಗಲು ಹಿಡಿಯಿತು. ಒಂದು ಬೆಳಗ್ಗೆ ಕೆನ್ನೆ ಕೊಯ್ದುಕೊಂಡು, ಹೆಗಲ ಮೇಲಿನ ಬೈರಾಸಿನಲ್ಲಿ ರಕ್ತ ಒರೆಸುತ್ತ ಒಳಗೆ ಬಂದವರನ್ನು ಕಂಡು ಸೊಸೆ ಪೂಜಾಶ್ರೀ ಹಾಕಿದ ಬೊಬ್ಬೆಗೆ ತೊಟ್ಟಿಲಲ್ಲಿದ್ದ ಮಗಳು ಕಿನ್ನಿ ಬೆಚ್ಚಿ ಎದ್ದಳು. ಅದೇ ಸಂಜೆ ಮಾವನ ರೇಜರು, ಬ್ಲೇಡು ಎಲ್ಲ ಗಂಟಾಗಿ ಅಟ್ಟ ಸೇರಿದವು.

ಮಂಗಳೂರಿನಲ್ಲಿ ಓದಿ ಬೆಳೆದ ಪೂಜಾಶ್ರೀಗೆ ಹೆದರಲು ಕಾರಣವೇ ಬೇಕಿರಲಿಲ್ಲ. ಮಗು ಸೀನಿದರೆ ಗೂಗಲ್, ಸೀನದಿದ್ದರೂ ಗೂಗಲ್. ಕಿನ್ನಿಯ ಉಗುರು ಕತ್ತರಿಸುವುದೂ ಅವಳು ಮಲಗಿದ ಮೇಲೆ, ಉಸಿರು ಬಿಗಿಹಿಡಿದು.

ಗಂಡ ಯತಿನ್ ಅಪ್ಪನಿಗೆಂದು ಟ್ರಿಮ್ಮರ್ ತಂದ. ಕೂದಲು ಮೊಟಕಾಯಿತೇ ಹೊರತು ಕೆನ್ನೆ ನುಣುಪಾಗಲಿಲ್ಲ. ಸೆಲೂನಿಗೆ ದಿನಾ ಕರೆದೊಯ್ಯುವವರು ಯಾರು? ಅಜ್ಜ ಎತ್ತಿಕೊಂಡರೆ ಸಾಕು, ಮುಳ್ಳುಗಡ್ಡ ತಾಗಿ ಕಿನ್ನಿ ಬಿಲ್ಲಿನಂತೆ ಹಿಂದಕ್ಕೆ ಬಾಗಿ ಅಳುತ್ತಿದ್ದಳು.

ಭಾನುವಾರ ಅವಳ ಅನ್ನಪ್ರಾಶನ. ಅಜ್ಜನ ಮಡಿಲಲ್ಲಿ ಕೂತು ಮೊದಲ ತುತ್ತು ಉಣ್ಣಬೇಕೆಂದು ಹುಟ್ಟಿದಂದೇ ಆದ ಮಾತು.

“ಯತಿನನೇ ಕೂರಿಸಿಕೊಳ್ಳಲಿ ಮಗಾ,” ಎಂದರು ಲೋಕಯ್ಯ ಸೊಸೆಗೆ, ಗಲ್ಲ ಉಜ್ಜಿಕೊಳ್ಳುತ್ತ. “ಒಳ್ಳೆ ದಿನ ಅದನ್ನು ಯಾಕೆ ಕೂಗಿಸುವುದು? ನಾನು ದೂರದಿಂದ ನೋಡ್ತೇನೆ.”

ಆ ‘ದೂರದಿಂದ’ ಪೂಜಾಶ್ರೀಯನ್ನು ಕೂತಲ್ಲಿ ಕೂರಲು ಬಿಡಲಿಲ್ಲ. ಮರುದಿನವೇ ಉಪ್ಪಳಕ್ಕೆ ಹೋಗಿ ಜಯಂತ್‌ನ ಫ್ಯಾನ್ಸಿ ಅಂಗಡಿಯಲ್ಲಿ ನಿಂತಳು.

“ಹೊಸತಾಗಿ ಶೇವ್ ಮಾಡಲು ಕಲಿಯುವವರಿಗೆ ಸಾಮಾನು ಉಂಟಾ?”

“ಯಾರಿಗೆ ಮೇಡಂ, ತಮ್ಮನಿಗಾ?”

“ನನಗೆ.”

ಜಯಂತ್ ಅವಳ ಗಲ್ಲವನ್ನೊಮ್ಮೆ ನೋಡಿದ. “ಅಷ್ಟು ಅರ್ಜೆಂಟ್ ಎಂತದೂ ಕಾಣುದಿಲ್ಲ ಮಾರಾಯ್ರೆ!”

ಫೋನಿನಲ್ಲಿ ನೋಡಿ ನಿರ್ಧರಿಸಿ ಬಂದದ್ದು ಹಗುರದ ಪ್ಲಾಸ್ಟಿಕ್ ರೇಜರು. ಕೈಗೆತ್ತಿಕೊಂಡರೆ ಉಗುರು ಕತ್ತರಿಯ ನೆನಪು. ಹಗುರ ವಸ್ತು ಸಿಕ್ಕಿದರೆ ಹೆದರಿದ ಕೈ ತಾನಾಗಿ ಒತ್ತುತ್ತದೆ. ಪಕ್ಕದಲ್ಲಿ ಉದ್ದ ಹಿಡಿಯ, ಭಾರದ ಸ್ಟೀಲ್ ರೇಜರು ಇತ್ತು. ಮುಂಗೈಯ ಮೇಲಿಟ್ಟರೆ ತನ್ನ ತೂಕಕ್ಕೆ ತಾನೇ ಜಾರಿತು. ಅಂಥವುಗಳಲ್ಲಿ ಬ್ಲೇಡಿನ ಅಂಚು ಹೊರಗೆ ಹೆಚ್ಚು ಇಣುಕದಂಥದ್ದನ್ನೇ ಆರಿಸಿದಳು. ಬ್ರಷ್ಷುಗಳನ್ನು ಕಿನ್ನಿಯ ಹಾಲಿನ ಬಿಸಿ ನೋಡುವಂತೆ ಮಣಿಕಟ್ಟಿನ ಒಳಗೆ ಆಡಿಸಿ, ಚುಚ್ಚಿದ್ದನ್ನೆಲ್ಲ ಬಿಟ್ಟು ಮೆತ್ತಗಿನದೊಂದನ್ನು ತೆಗೆದುಕೊಂಡಳು. ಜೊತೆಗೆ ಉಂಡೆ ಸೋಪು, ಗಾಯಕ್ಕೆ ಉಜ್ಜಲು ಪಟಿಕದ ಕಲ್ಲು.

“ಪಟಿಕ ಎರಡು ಕೊಡಿ,” ಎಂದಳು, ಯಾತಕ್ಕೂ ಇರಲಿ ಎಂದು.

ಅಭ್ಯಾಸ ಮಾಡಿದ್ದು ಅನ್ನಪ್ರಾಶನಕ್ಕೆ ತಂದ ಬಲೂನುಗಳ ಮೇಲೆ. ನೊರೆ ಹಚ್ಚಿ ರೇಜರು ಇಟ್ಟದ್ದೇ ಮೊದಲನೆಯದು ಢಬ್ಬೆಂದಿತು. ಕಿನ್ನಿ ಅಳಬಹುದೆಂದು ತಿರುಗಿದರೆ, ಅವಳು ಇನ್ನೊಂದು ಒಡೆಯಲೆಂದು ಕೈ ತಟ್ಟುತ್ತಿದ್ದಳು. ಸಂಜೆಯೊಳಗೆ ಒಂದು ಬಲೂನು ಒಡೆಯದೆ ನುಣ್ಣಗೆ ಉಳಿಯಿತು.

ಭಾನುವಾರ ಬೆಳಗ್ಗೆ ಮಾವನನ್ನು ಸ್ಟೂಲಿನ ಮೇಲೆ ಕೂರಿಸಿ, ಬಿಸಿನೀರಿನ ಬಟ್ಟೆ ಮುಖಕ್ಕೆ ಒತ್ತಿ, ನೊರೆ ಹಚ್ಚಿದಳು. ಲೋಕಯ್ಯ ಸ್ಟೂಲಿನ ಅಂಚನ್ನು ಸ್ಟೇರಿಂಗಿನಂತೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಮಾವ, ಅಲುಗಾಡಬೇಡಿ.”

“ನಾನಲ್ಲ ಮಗಾ, ನಡುಗುವುದು ನಿನ್ನ ಕೈ.”

ಹೌದು, ಅವಳದೇ ಕೈ. ಉಸಿರು ಬಿಟ್ಟು, ಹಿಡಿ ಸಡಿಲಿಸಿದಳು. ರೇಜರು ಜಾರಿತು. ಒಂದು ಗೆರೆ ಮುಖ ಬೆಳಗಿತು.

“ಎಂತ, ಫಸ್ಟ್ ಗೇರಲ್ಲೇ ಹೊಸಂಗಡಿ ಮುಟ್ಟಿಸ್ತೀಯಾ?”

“ನಗಿಸಬೇಡಿ ಮಾವ!”

ಕಿವಿಯ ಕೆಳಗೆ ಸಾಸಿವೆಯಷ್ಟು ರಕ್ತ ಮೂಡಿತು. ಅವಳ ಮುಖ ಬಿಳುಚಿದ್ದು ಕನ್ನಡಿಯಲ್ಲಿ ಕಂಡು ಲೋಕಯ್ಯ, “ನಾನು ಬಸ್ ಕಲಿಯುವಾಗ ಪಂಚಾಯತಿನ ಗೋಡೆಯನ್ನೇ ಬೀಳಿಸಿದ್ದೆ. ಪಟಿಕ ಹಚ್ಚು, ಮುಂದೆ ಹೋಗು,” ಎಂದರು.

ಮುಹೂರ್ತಕ್ಕೆ ಕಿನ್ನಿ ಅಜ್ಜನ ಮಡಿಲೇರಿದಳು. ಕೆನ್ನೆಯ ಮೇಲೆ ಅಂಗೈಯಿಟ್ಟು ಸವರಿದಳು. ಮತ್ತೊಮ್ಮೆ ಸವರಿ, ತನ್ನ ಕೆನ್ನೆಯನ್ನೂ ಅಲ್ಲಿಗೇ ತಂದೊತ್ತಿದಳು. ಲೋಕಯ್ಯನವರ ಬೆರಳ ನಡುಕಕ್ಕೆ ಮೊದಲ ತುತ್ತಿನ ಅರ್ಧ ಅವಳ ಲಂಗಕ್ಕೆ ಬಿತ್ತು. ಉಳಿದರ್ಧ ಅವಳು ಚಪ್ಪರಿಸಿ ನುಂಗಿದಳು.

ಮರುದಿನ ನಸುಕಿಗೆ ಕಿನ್ನಿಯನ್ನು ಸೊಂಟಕ್ಕೇರಿಸಿಕೊಂಡು ಪೂಜಾಶ್ರೀ ಬಾಗಿಲು ತೆರೆದಳು. ಮಾವ ಆಗಲೇ ಸ್ಟೂಲಿನ ಮೇಲಿದ್ದರು, ಹೆಗಲಿಗೆ ಬೈರಾಸು, ಪಕ್ಕದಲ್ಲಿ ಬಿಸಿನೀರು. ಕಿನ್ನಿ ಅವರತ್ತ ಎರಡೂ ಕೈ ಚಾಚಿದಳು.

“ಅಬ್ಬೋ, ನಿಲ್ಲು, ಗಾಡಿ ತೊಳೆದು ಆಗಲಿಲ್ಲ,” ಎಂದು ಮೊಮ್ಮಗಳಿಗೆ ಹೇಳಿ, ಸೊಸೆಯ ಕಡೆ ಗಲ್ಲ ಎತ್ತಿದರು. “ಬೇಗ ಮಗಾ. ಪ್ಯಾಸೆಂಜರ್ ಕಾಯ್ತಾ ಉಂಟು.”